ಗುಳಿಗೆ ಮಾಡಿದ ಒಳ್ಳೆಯ ಹುಡುಗ

ಗೋಕಾಕದ ಆ ದವಾಖಾನೆಯಲ್ಲಿ ಹೆಸರು ಕೂಗುವ ಸಿಸ್ಟರ್ ಒಬ್ಬರಿದ್ದಾರೆ. ಹೆಸರಿನ ಮೊದಲರ್ಧವನ್ನು ಬಾಗಿಲೊಳಗೇ ನುಂಗಿ, ಉಳಿದರ್ಧವನ್ನು ಮಾತ್ರ ನಮ್ಮ ಮೇಲೆ ಎಸೆಯುತ್ತಾರೆ. “...ರಪ್ಪಾ” ಎಂದರೆ ಬೀರಪ್ಪನಾದ ನಾನು, ಈರಪ್ಪ, ವೀರಪ್ಪ ಎಲ್ಲರೂ ಎದ್ದು ನಿಲ್ಲಬೇಕು. ಮೊದಲ ಸಲ ಅಲ್ಲಿ ಕಾಯುತ್ತ ಕುಳಿತಾಗ ನಾನು ಅದೇ ದನಿ ತೆಗೆದು “...ರವ್ವಾ” ಎಂದೆ. ಎದುರಿನ ಬೆಂಚಿನಿಂದ ಇಬ್ಬರು ಮುದುಕಿಯರು ಎದ್ದರು. ಅವ್ವ ನನ್ನ ತೊಡೆ ಹಿಡಿದು ಚಿವುಟಿದಳು.

“ದವಾಖಾನ್ಯಾಗರ ಸುಮ್ಮ ಕುಂಡ್ರೊ. ನಿನ್ನ ತಲಿಯಾಗ ಏನಾಗೈತೋ ಅಂತ ನನ್ನ ಜೀವ ಹೊಡಕೊಳ್ಳಾಕತ್ತೈತಿ.”

“ನಂದೂ ಹೊಡಕೊಳ್ಳಾಕತ್ತೈತಿ ಬೇ. ಅದಕ್ಕ ಕೂಗಿದ್ನಿ.”

ಇದು ಖರೆ ಮಾತು. ಹೆದರಿಕೆಯಾದಾಗ ನನಗೆ ನನ್ನ ದನಿ ಸಿಗುವುದಿಲ್ಲ. ಪಕ್ಕದವರದು ಬೇಗ ಸಿಗುತ್ತದೆ.

ನಮ್ಮದು ಮಮದಾಪುರ. ಅಪ್ಪನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಕುರಿ ಕಾಯಲು ಕಳಿಸಿದರೆ ನಾನು ಕುರಿಗಳ ದನಿ ಕಲಿತು ಬಂದೆ. ಸಾಲಿಗೆ ಕಳಿಸಿದರೆ ಮಾಸ್ತರರ ದನಿ. ಕೊನೆಗೆ ಅಂಕಲಗಿಯ ಮೆಹಬೂಬ ಕಾಕಾ ನನ್ನನ್ನು ತನ್ನ ಸೌಂಡ್ ಸಿಸ್ಟಮ್ ಜೊತೆ ಕರೆದುಕೊಂಡು ತಿರುಗಾಡಿದ. ಮದುವೆ, ಸೀಮಂತ, ಹೊಸ ಅಂಗಡಿ ಎಲ್ಲಿದ್ದರೂ ಮೈಕ್ ನನ್ನದು. ಊಟಕ್ಕೆ ಕರೆಯುವುದು, ಕಳೆದುಹೋದ ಚಪ್ಪಲಿ ಸಾರುವುದು, ನಡುನಡುವೆ ಮಿಮಿಕ್ರಿ. ಮೂಡಲಗಿ ಬಸ್ಸಿನ ಕಂಡಕ್ಟರು, ಜಗಳಕ್ಕೆ ನಿಂತ ಬೀಗರು, ಕೆಮ್ಮುತ್ತ ಭಾಷಣ ಮಾಡುವ ಹಿರಿಯರು. ಬೈಸಿಕೊಳ್ಳದೆ ಮನೆಗೆ ಬಂದ ದಿನ ಕಡಿಮೆ.

ಮೊದಲ ಫಿಟ್ಸ್ ಬಂದದ್ದೂ ಮೈಕ್ ಹಿಡಿದುಕೊಂಡಿರುವಾಗಲೇ. ಎಲ್ಲರೂ ಅದನ್ನು ಮಿಮಿಕ್ರಿ ಎಂದುಕೊಂಡು ಚಪ್ಪಾಳೆ ತಟ್ಟಿದರು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಯಾರೂ ಹಾಗೆ ಅಂದುಕೊಳ್ಳಲಿಲ್ಲ. ನನ್ನ ಮಿಮಿಕ್ರಿ ಅಷ್ಟು ಚೆನ್ನಾಗಿಲ್ಲ. ನಾನು ಬಿದ್ದೆ, ಮೈ ಸೆಟೆಯಿತು, ನಾಲಿಗೆ ಕಚ್ಚಿಕೊಂಡೆ. ಎಚ್ಚರಾದಾಗ ಮೂಗಿನ ಹತ್ತಿರ ಯಾರದೋ ಚಪ್ಪಲಿ ಇತ್ತು. ಕಳೆದುಹೋಗಿದೆ ಎಂದು ನಾನೇ ಸಾರಿದ್ದ ಚಪ್ಪಲಿ ಅದಾಗಿರಬಹುದು ಎಂದು ಇವತ್ತಿಗೂ ಅನುಮಾನ.

ಕೆಲವು ವಾರಗಳಲ್ಲಿ ಎರಡನೆಯದು ಬಂತು. ಆಗ ಗೋಕಾಕಕ್ಕೆ ಹೋದೆವು. ನರರೋಗದ ಡಾಕ್ಟರರು ಅಲ್ಲಿಗೆ ವಾರಕ್ಕೊಮ್ಮೆ ಬರುತ್ತಾರೆ. ತಲೆಗೆ ಅಂಟು ಹಚ್ಚಿ ವಾಯರ್ ಕೂಡಿಸಿದರು, ಸ್ಕ್ಯಾನ್ ಮಾಡಿಸಿದರು. ಒಳಗೆ ಹೋದ ಮೇಲೆ ಅಪ್ಪ ಟವೆಲ್ ಬಗಲಲ್ಲಿ ಹಿಡಿದು ಕೇಳಿದ.

“ಸಾಹೇಬ್ರ, ನಮ್ಮ ಕುರಿ ಒಂದೊಂದ ಸಲ ನಿಂತಲ್ಲೇ ಗಿರಗಿರ ತಿರಗತಾವ್ರಿ. ಕೊಯ್ದ ನೋಡಿದ್ರ ತಲಿಯಾಗ ನೀರಗುಳ್ಳಿ ಇರತೈತಿ. ಇವಂಗೂ ಹಂಗೇನರ?”

ಡಾಕ್ಟರರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ಅಪ್ಪನಿಗೆ ತೋರಿಸಿದರು. “ಇಲ್ಲ. ನೋಡ್ರಿ, ಗುಳ್ಳೆ ಇಲ್ಲ.”

“ಕೊಯ್ಯೂದಿಲ್ಲಲ್ರಿ ಹಂಗಾರ?”

“ಕೊಯ್ಯೂದಿಲ್ಲ.”

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಇಷ್ಟು ದಿನ ಅವನು ಒಳಗೊಳಗೇ ಏನು ನೋಡುತ್ತಿದ್ದ ಎಂದು ನನಗೆ ಆಗ ತಿಳಿಯಿತು.

ದೊಡ್ಡದೊಂದು ಗುಳಿಗೆ ಬರೆದರು. ಜೊತೆಗೆ ಚಿಕ್ಕದೊಂದು. ಚಿಕ್ಕದರ ಕೆಲಸ ಹೀಗಂತೆ: ನರಕ್ಕೆ ನರ ‘ಓಡು’ ಎಂದು ಹೇಳುವುದೂ ಇದೆ, ‘ಸಾಕು, ತಡಿ’ ಎಂದು ಹೇಳುವುದೂ ಇದೆ. ‘ತಡಿ’ ಎಂಬುದನ್ನು ಕೇಳಿಸಿಕೊಳ್ಳಲು ನರದ ಮೇಲೆ ಬೇರೆಯೇ ಜಾಗಗಳಿವೆ. ಗುಳಿಗೆ ಅಲ್ಲಿ ಹೋಗಿ ಕೂತು, ಮೆಲ್ಲಗೆ ಹೇಳಿದ ‘ತಡಿ’ಯನ್ನೂ ಗಟ್ಟಿಯಾಗಿ ಕೇಳಿಸುತ್ತದೆ. ಆಗ ನರಗಳೆಲ್ಲ ಒಮ್ಮೆಲೇ ಓಡುವುದಿಲ್ಲ. “ಇದನ್ನು ನೀನಾಗಿ ಹೆಚ್ಚು ಮಾಡಬೇಡ. ನೀನಾಗಿ ಬಿಡಲೂ ಬೇಡ,” ಎಂದರು.

ಹೊರಗೆ ಟೆಂಪೊ ನಿಲ್ಲಿಸಿಕೊಂಡು ಕಾಯುತ್ತಿದ್ದ ಕಾಕಾನಿಗೆ ಇದನ್ನು ಡಾಕ್ಟರರ ದನಿಯಲ್ಲೇ ಒಪ್ಪಿಸಿದೆ. ಅವನು ತನ್ನ ಭಾಷೆಗೆ ಇಳಿಸಿಕೊಂಡ.

“ಮೈಕ್ ಸ್ಪೀಕರಿನ ಮುಂದ ಹೋದ್ರ ಕುಂಯ್ ಅಂತ ಚೀರತೈತಲ್ಲ, ಅದು ನಿನ್ನ ಫಿಟ್ಸ್. ಗುಳಿಗಿ ಅಂದ್ರ ಆವಾಜ್ ಸಣ್ಣ ಮಾಡೂ ಬಟನ್. ಭಾಳ ತಿರುವಿದ್ರ ಚೀರೂದೂ ಹೋಗತೈತಿ, ಹಾಡೂ ಹೋಗತೈತಿ.”

ಈ ಕಥೆಯಲ್ಲಿ ಮುಂದೆ ಆದದ್ದೆಲ್ಲ ಅಷ್ಟೇ. ಚೀರುವುದು ಹೋಗಬೇಕು, ಹಾಡು ಉಳಿಯಬೇಕು. ಬಟನ್ ಮೇಲೆ ಒಂದೇ ಕೈ ಇದ್ದಿದ್ದರೆ ನಾನು ಇದನ್ನು ಬರೆಯಬೇಕಾಗುತ್ತಿರಲಿಲ್ಲ.

ಎರಡನೆಯ ಕೈ ಬಂದದ್ದು ಮೂಡಲಗಿಯಿಂದ. ಅಲ್ಲಿಯ ಹಳೆಯ ಡಾಕ್ಟರರ ಕೈಗುಣದ ಮೇಲೆ ಅವ್ವನಿಗೆ ದೇವರಷ್ಟೇ ನಂಬಿಕೆ. ನಾನು ಹುಟ್ಟಿದಾಗ ಅಳದೆ ಇದ್ದೆನಂತೆ, ಅವರು ಮುಟ್ಟಿದ ಮೇಲೆ ಅತ್ತೆನಂತೆ. ಆಮೇಲೆ ನಿಲ್ಲಿಸಿಯೇ ಇಲ್ಲ ಎಂದು ಊರವರ ಸೇರ್ಪಡೆ. ಗೋಕಾಕದ ಗುಳಿಗೆ ಶುರುವಾದ ಮೇಲೆ ಫಿಟ್ಸ್ ಬರಲಿಲ್ಲ, ಆದರೆ ಅದರ ಭಯ ಹೋಗಲಿಲ್ಲ. ಕಣ್ಣು ಮುಚ್ಚಿದರೆ ಬಿದ್ದೆ ಅನ್ನಿಸುತ್ತಿತ್ತು. ನಿದ್ದೆ ಇಲ್ಲ, ಎದೆ ಡವಡವ. ಅವ್ವ ನನ್ನನ್ನು ಮೂಡಲಗಿಗೆ ಎಳೆದುಕೊಂಡು ಹೋದಳು.

ಬಾಗಿಲಲ್ಲೇ ತಾಕೀತು: “ಗೋಕಾಕದ ಸುದ್ದಿ ತಗೀಬ್ಯಾಡ ಮತ್ತ. ತಮ್ಮನ್ನ ಬಿಟ್ಟು ಬ್ಯಾರೇದವರ ಕಡೆ ಹೋಗ್ಯಾರಂತ ಬ್ಯಾಸರ ಮಾಡ್ಕೋತಾರ. ಬ್ಯಾಸರದ ಕೈಯಿಂದ ಕೊಟ್ಟ ಔಷಧ ಹತ್ತೂದಿಲ್ಲ.”

ನಮ್ಮ ಕಡೆ ಇದು ಹೊಸತಲ್ಲ. ಒಬ್ಬ ಡಾಕ್ಟರರ ಚೀಟಿಯನ್ನು ಇನ್ನೊಬ್ಬರ ಮುಂದೆ ತೆಗೆಯುವುದು ಮರ್ಯಾದೆಗೇಡು. ಒಬ್ಬ ಬೀಗರ ಮನೆಯ ಊಟವನ್ನು ಇನ್ನೊಬ್ಬರ ಮನೆಯಲ್ಲಿ ಹೊಗಳಿದ ಹಾಗೆ. “ಬ್ಯಾರೆ ಏನರ ಗುಳಿಗಿ ತಗೋತಿಯೇನು?” ಎಂದು ಡಾಕ್ಟರರು ಕೇಳಿದರು. ಅವ್ವ ನನಗಿಂತ ಮೊದಲು “ಇಲ್ರಿ ಯಪ್ಪಾ, ನಿಮ್ಮನ್ನ ಬಿಟ್ಟ ಯಾರ ಅದಾರ ನಮಗ” ಎಂದಳು. ಅವರು ನಿದ್ದೆಗೆ, ಭಯಕ್ಕೆ ಎಂದು ಒಂದು ಚಿಕ್ಕ ಗುಳಿಗೆ ಕೊಟ್ಟರು. ಬೇರೆ ಹೆಸರು, ಬೇರೆ ಬಣ್ಣ. ಅದೂ ಅದೇ ಜಾಗಕ್ಕೆ ಹೋಗಿ ಅದೇ ‘ತಡಿ’ಯನ್ನು ಗಟ್ಟಿ ಮಾಡುವ ಗುಳಿಗೆ ಎಂದು ನಮಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿರದಿದ್ದದ್ದು ಗೋಕಾಕ.

ಎರಡೂ ಚಿಕ್ಕ ಗುಳಿಗೆಗಳ ಪಟ್ಟಿಗಳು ಅವ್ವನ ಎಲೆಅಡಿಕೆ ಸಂಚಿಗೆ ಸೇರಿದವು. ಗೋಕಾಕದ್ದು ಮೇಲಿನ ಪದರಿನಲ್ಲಿ, ಮೂಡಲಗಿಯದು ಸುಣ್ಣದ ಡಬ್ಬಿಯ ಕೆಳಗೆ.

ಅಲ್ಲಿಂದ ನಾನು ಒಳ್ಳೆಯವನಾದೆ.

ಮಾತಿಗೆ ಮಾತು ಕೊಡುವುದು ನಿಂತಿತು. ಯಾರು ಬಂದರೂ ತಲೆ ತಗ್ಗಿಸಿ ಕೂರುತ್ತಿದ್ದೆ. ನಡಿಗೆ ನಿಧಾನ, ಮಾತು ಮೆಲ್ಲಗೆ. ನನ್ನಿಂದ ಸದಾ ಅಣಕಿಸಿಕೊಳ್ಳುತ್ತಿದ್ದ ಸೋದರತ್ತೆ ಒಂದು ದಿನ ಬಂದು, ನಾನು ಎದ್ದು ನೀರು ಕೊಟ್ಟದ್ದನ್ನು ನೋಡಿ ಬಾಗಿಲಲ್ಲೇ ನಿಂತಳು.

“ಏನ ಶಾಣ್ಯಾ ಆಗ್ಯಾನವಾ ನಿನ್ನ ಮಗ. ದೇವ್ರ ಒಂದ ಕೊಟ್ಟು ಒಂದ ಕಸಗೊಂಡ ನೋಡ. ರೋಗ ಕೊಟ್ಟ, ಹುಡುಗಾಟ ಕಸಗೊಂಡ.”

ಅವ್ವನ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಕಂಡಿರಲಿಲ್ಲ. ಜೀವಮಾನವಿಡೀ ನನ್ನ ಬಾಯಿಯ ಪರವಾಗಿ ಕ್ಷಮೆ ಕೇಳಿದವಳು ಆಕೆ. ನನಗೂ ಒಳಗೆ ಒಂಥರಾ ಆರಾಮವೇ ಇತ್ತು. ಹತ್ತಿ ತುಂಬಿದ ಚೀಲದೊಳಗೆ ಕೂತ ಹಾಗೆ. ಹೊರಗಿನವರ ದನಿ ಬರುತ್ತಿತ್ತು, ಹಿಡಿಯಲು ಕೈ ಏಳುತ್ತಿರಲಿಲ್ಲ.

ಇಷ್ಟವಾಗದೆ ಇದ್ದದ್ದು ಕಾಕಾನಿಗೆ ಒಬ್ಬನಿಗೇ. ಒಂದು ಸೀಮಂತದ ಮನೆಯಲ್ಲಿ ಕಂಡಕ್ಟರ್ ಮಾಡಿ ಬಂದೆ. ಜನ ನಕ್ಕರು. ಕಾಕಾ ನಗಲಿಲ್ಲ.

“ಏ ಬೀರ್ಯಾ, ಮೊದಲ ನೀ ಮಾತ ಮುಗಿಸೂದರಾಗ ನಗು ಬರತಿತ್ತು. ಈಗ ನಗು ಬಂದು, ಎದ್ದು, ಕೈ ತೊಳಕೊಂಡ ಹೋದ ಮ್ಯಾಲೆ ನೀ ಮುಗಸಾಕತ್ತಿ. ಗೋಕಾಕದ ಸಾಹೇಬ್ರಿಗೆ ಹೇಳ ಇದನ್ನ.”

“ಏನಂತ ಹೇಳ್ಲಿ ಕಾಕಾ? ನಮ್ಮ ಹುಡುಗ ಮರ್ಯಾದಸ್ಥ ಆಗ್ಯಾನ, ಔಷಧ ಕೊಡ್ರಿ ಅಂತ ಹೇಳ್ಲಿ?”

ಆ ಮಾತನ್ನು ಹೇಳಿ ಮುಗಿಸಲೂ ನನಗೆ ಹೊತ್ತು ಹಿಡಿಯಿತು.

ಅಷ್ಟರಲ್ಲಿ ನನ್ನ ಒಳ್ಳೆಯತನದ ಸುದ್ದಿ ಹುಕ್ಕೇರಿ ತಾಲೂಕು ಮುಟ್ಟಿತ್ತು. ಘೋಡಗೇರಿಯಿಂದ ಕನ್ಯೆ ನೋಡಲು ಬರಬೇಕೆಂದು ಕರೆ ಬಂತು. ಫಿಟ್ಸ್ ಸುದ್ದಿ ಮದುವೆ ಮಾತು ಕುದುರಿದ ಮೇಲೆ ಹೇಳೋಣ ಎಂದು ಅವ್ವ. ಮೊದಲೇ ಹೇಳೋಣ ಎಂದು ಅಪ್ಪ. ನಾನು ಯಾವ ಪಕ್ಷವೂ ಅಲ್ಲ, ನನಗೆ ನಿದ್ದೆ. ಹೊರಡುವ ಮುಂಜಾನೆ ಅವ್ವ ಸಂಚಿ ಬಿಚ್ಚಿ, ಅಲ್ಲಿ ಹೋದಾಗ ಏನೂ ಆಗದಿರಲಿ ಎಂದು ಎರಡೂ ಪಟ್ಟಿಯಿಂದ ಒಂದೊಂದು ಹೆಚ್ಚು ಕೊಟ್ಟಳು. ದೇವರಿಗೆ ಒಂದು ಊದುಬತ್ತಿ ಹೆಚ್ಚು ಹಚ್ಚುವ ಹಾಗೆ. ನಾನು ನುಂಗಿದೆ. ಒಳ್ಳೆಯ ಹುಡುಗರು ಪ್ರಶ್ನೆ ಕೇಳುವುದಿಲ್ಲ.

ಕಾಕಾನ ಟೆಂಪೊದಲ್ಲೇ ಹೋದೆವು. ಅವರ ಪಡಸಾಲೆಯಲ್ಲಿ ಹಾಸಿದ್ದ ಕಂಬಳಿ, ತೊಡೆಯ ಮೇಲೆ ಅವಲಕ್ಕಿ ತಾಟು, ಒಳಗಿನಿಂದ ಬಂದ ಬಳೆ ಸದ್ದು. ನನ್ನ ನೆನಪು ಬಳೆ ಸದ್ದಿಗೆ ನಿಲ್ಲುತ್ತದೆ. ಮುಂದಿನದನ್ನು ಕಾಕಾ, ಅಪ್ಪ ಮತ್ತು ನಾವು ನೋಡಲು ಹೋಗಿದ್ದ ಹುಡುಗಿ ಸುನಂದಾ ಹೇಳಿದ ಪ್ರಕಾರ ಬರೆಯುತ್ತೇನೆ.

ನನ್ನ ಗದ್ದ ಎದೆಗೆ ಇಳಿಯಿತು. ಹುಡುಗಿಯ ಕಾಕಾ ತಲೆದೂಗಿದರು. “ಏನ ವಿನಯ ನೋಡ್ರಿ. ಹೆಣ್ಣ ಬಂದ ಕುಂತ್ರೂ ಕಣ್ಣ ಎತ್ತವಲ್ಲ. ಈಗಿನ ಹುಡುಗೂರು ಹಿಂಗ ಇರೂದಿಲ್ರಿ.”

ತಾಟು ತೊಡೆಯಿಂದ ಜಾರಿತು. ನಾನು ಹಿಡಿಯಲಿಲ್ಲ. ಅವಲಕ್ಕಿ ಕಂಬಳಿ ತುಂಬ ಚೆಲ್ಲಿತು. ಒಂದು ಗೊರಕೆ ಬಂತು. ಆಮೇಲೆ ಏನೂ ಬರಲಿಲ್ಲ. ಎಲ್ಲರೂ ಮುಂದಿನ ಗೊರಕೆಗೆ ಕಾದರು. ಬಹಳ ತಡವಾಗಿ ಬಂತು.

ಮೆಹಬೂಬ ಕಾಕಾ ನನ್ನ ಕೆನ್ನೆ ತಟ್ಟಿದ. “ಬೀರ್ಯಾ. ಕಂಡಕ್ಟರ್ ಮಾಡು. ಏ ಬೀರ್ಯಾ, ಕಂಡಕ್ಟರ್.”

ನಾನು ಪಕ್ಕಕ್ಕೆ ವಾಲಿದೆ. ಯಾರೋ ಉಳ್ಳಾಗಡ್ಡಿ ಒಡೆದು ತಂದರು, ಯಾರೋ ಕೀಲಿ ಗೊಂಚಲು ತಂದು ಕೈಗೆ ಒತ್ತಿದರು. ಅಪ್ಪ ನನ್ನ ತೋಳೆತ್ತಿ ಬಿಟ್ಟ. ಅದು ಹಸಿ ಬಟ್ಟೆಯ ಹಾಗೆ ಬಿತ್ತು.

“ಇದು ಫಿಟ್ಸ್ ಅಲ್ಲ,” ಎಂದ ಅಪ್ಪ. “ಫಿಟ್ಸಿನ್ಯಾಗ ಇವನ ಮೈ ಸೆಟೀತೈತಿ.”

ಅಲ್ಲಿಗೆ ಮುಚ್ಚಿಟ್ಟದ್ದು ಬಯಲಾಯಿತು. ಸುನಂದಾ ಮುಂದೆ ಬಂದಳು. ಮನೆಯಲ್ಲಿ ಅಜ್ಜಿಗೆ ಬಿ.ಪಿ. ಗುಳಿಗೆ ಕೊಡುವವಳು ಅವಳೇ.

“ಅತ್ತಿ, ಇವ್ರು ಏನ ಗುಳಿಗಿ ತಗೋತಾರ?”

“ಏನಿಲ್ಲವಾ. ಬಿಸಲಾಗ ಬಂದಾನ, ಅದಕ್ಕ...”

“ತುಟಿ ನೀಲಿ ಆಗಾಕತ್ತಾವ್ರಿ.”

ಅವ್ವ ನನ್ನ ತುಟಿ ನೋಡಿದಳು. ಸುತ್ತಲಿದ್ದ ಬೀಗರಾಗಬೇಕಾದವರ ಮುಖ ನೋಡಿದಳು. ಸಂಚಿಯ ದಾರ ಗಂಟಾಗಿತ್ತು, ಹಲ್ಲಿನಿಂದ ಕಚ್ಚಿ ಹರಿದಳು.

“ಇದು ಗೋಕಾಕದ್ದು,” ಎಂದಳು. ಸುಣ್ಣದ ಡಬ್ಬಿ ಎತ್ತಿ ಅದರ ಕೆಳಗಿನ ಪಟ್ಟಿ ತೆಗೆದಳು. “ಇದು ಮೂಡಲಗಿದು. ಅವರಿಗೆ ಇವರ್ದು ಹೇಳಿಲ್ಲ, ಇವರಿಗೆ ಅವರ್ದು ಹೇಳಿಲ್ಲ. ಇವತ್ತ ಒಂದೊಂದ ಹೆಚ್ಚ ಕೊಟ್ಟೇನಿ. ನಾನ ಕೊಟ್ಟೇನ್ರೆಪಾ.”

ಟೆಂಪೊದಲ್ಲಿ ಸ್ಪೀಕರ್ ಡಬ್ಬಿಗಳ ನಡುವೆ ನನ್ನನ್ನು ಮಗ್ಗುಲಿಗೆ ಮಲಗಿಸಿದರು. ಹುಡುಗಿಯ ಕಾಕಾ ಮೋಟರ್‌ಸೈಕಲ್ ಮೇಲೆ ಮುಂದೆ ಹೋಗಿ ದಾರಿ ಬಿಡಿಸಿದರಂತೆ. ಹುಕ್ಕೇರಿ ಮುಟ್ಟುವವರೆಗೆ ಅಪ್ಪ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದ. ಆಗಷ್ಟೇ ಹುಟ್ಟಿದ ಕುರಿಮರಿಗೆ ಉಸಿರು ಇದೆಯೋ ಇಲ್ಲವೋ ಎಂದು ನೋಡುವುದು ಹೀಗೆಯೇ. ಅಂಗೈ ಕೆಳಗೆ ಏನೂ ಏಳದಿದ್ದಾಗ ಕಿವಿಯಲ್ಲಿ ಹೇಳುತ್ತಿದ್ದ: “ಉಸರ ತಗೋ.” ನಾನು ತಗೊಳ್ಳುತ್ತಿದ್ದೆನಂತೆ. ಅಪ್ಪನ ಮಾತನ್ನು ನಾನು ಹಾಗೆ ಕೇಳಿದ್ದು ಅದೇ ಮೊದಲು.

ಹುಕ್ಕೇರಿಯ ದವಾಖಾನೆಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು. ಆಕ್ಸಿಜನ್ ಹಚ್ಚಿದರು. ಎರಡೂ ಪಟ್ಟಿ ಜೋಡಿಸಿ ನೋಡಿ, ಗೋಕಾಕಕ್ಕೆ ಫೋನ್ ಮಾಡಿದರು. ಅವ್ವ ಅವರ ಕಾಲ ಹತ್ತಿರ ನೆಲಕ್ಕೆ ಕೂತಿದ್ದಳು.

“ಗುಳಿಗಿ ಇಳಸೂ ಉಲ್ಟಾ ಇಂಜೆಕ್ಷನ್ ಇರತೈತಂತಲ್ರಿ ಡಾಕ್ಟರ್ ಬಾಯಿ. ಹಾಕ್ರಿ. ಎಷ್ಟಾದ್ರೂ ಆಗ್ಲಿ.”

“ಐತಿ. ಆದ್ರ ಇವಂಗ ಹಾಕಾಕ ಅಂಜಿಕಿ,” ಎಂದರು ಡಾಕ್ಟರಮ್ಮ. “ಈ ಗುಳಿಗಿ ಇವನ ಫಿಟ್ಸ್ ಕಟ್ಟಿ ಹಾಕೈತಿ. ಒಮ್ಮೆಲೇ ಬಿಚ್ಚಿದ್ರ ಅದು ಮೈಮ್ಯಾಲೆ ಬರತೈತಿ. ಕಟ್ಟಿದ್ರ ಉಸರ ನಿಲ್ಲತೈತಿ, ಬಿಚ್ಚಿದ್ರ ಫಿಟ್ಸ್. ಉಸರ ಇನ್ನೂ ಕಡಿಮಿ ಆದ್ರ ಮಷಿನ್ ಹಚ್ಚಿ ಮುಂದ ದೊಡ್ಡ ದವಾಖಾನಿಗೆ ಕಳಸತೇನಿ. ಅಲ್ಲೀತನ ಕಾಯೂದು.”

ಕಾದರು. ನನ್ನ ಪಾಲಿಗೆ ಆ ಹೊತ್ತು ಇಲ್ಲವೇ ಇಲ್ಲ. ಅದರ ಭಾರವನ್ನೆಲ್ಲ ಅವರೇ ಹೊತ್ತರು. ಅಪ್ಪನ ಅಂಗೈ ಹೊಟ್ಟೆಯ ಮೇಲೆ, ಅವ್ವನ ಕಣ್ಣು ಅಂಗೈ ಮೇಲೆ. ಹುಡುಗಿಯ ಕಾಕಾ ಹೊರಗೆ ನಿಂತು ಮನೆಗೆ ಫೋನ್ ಮಾಡಿ “ಇನ್ನ ಎಚ್ಚರ ಆಗಿಲ್ಲ” ಎನ್ನುತ್ತಿದ್ದರು. ಮತ್ತೆ ಸ್ವಲ್ಪ ಹೊತ್ತಿಗೆ “ಇನ್ನ ಆಗಿಲ್ಲ.” ಮೆಹಬೂಬ ಕಾಕಾ ಎಲ್ಲರಿಗೂ ಚಹಾ ತಂದ. ಯಾರೂ ಕುಡಿಯಲಿಲ್ಲ. ತಣ್ಣಗಾದದ್ದನ್ನು ಚೆಲ್ಲಿ ಬಂದು ಮತ್ತೆ ಬಿಸಿಯದು ತಂದ.

ಎಚ್ಚರಾದಾಗ ನನಗೆ ಕಂಡದ್ದು ಮೇಲೆ ತಿರುಗುವ ಪಂಖ, ಬಾಜೂ ಅಪ್ಪ. ಅವನು ಇನ್ನೂ ಹೇಳುತ್ತಲೇ ಇದ್ದ: “ಉಸರ ತಗೋ.” ಅವನ ದನಿಯಲ್ಲೇ “ತಗೊಂಡೇನಪಾ” ಎನ್ನಬೇಕೆಂದುಕೊಂಡೆ. ನಾಲಿಗೆ ಹೊರಳಲಿಲ್ಲ. ಅಪ್ಪನಿಗೆ ಅರ್ಥವಾಯಿತು ಎಂದು ಕಾಣುತ್ತದೆ. ಅಂಗೈ ತೆಗೆದು, ಟವೆಲ್ ಮುಖದ ಮೇಲೆ ಹಾಕಿಕೊಂಡ.

ಹುಕ್ಕೇರಿಯಿಂದ ಮನೆಗೆ ಬಂದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಮೂಡಲಗಿಗೆ ಹೋದಳು. ಹಳೆಯ ಡಾಕ್ಟರರ ಮುಂದೆ ನಿಂತು ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

“ಗೋಕಾಕಕ್ಕ ಹೋಗಿದ್ದು ಹೇಳಿದ್ರ ನನಗ ಬ್ಯಾಸರ ಆಗತಿತ್ತವಾ, ಖರೆ. ಒಂದ ತಾಸ ಆಗತಿತ್ತು. ಆಮ್ಯಾಲ ಚಹಾ ಕುಡದು ಮರೀತಿದ್ನಿ. ಇಂವ ಹೋಗಿದ್ರ ನಾ ಏನ್ ಕುಡದು ಮರೀಬೇಕಿತ್ತು?”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅವರು ಅವಳೆದುರೇ ಗೋಕಾಕದ ಡಾಕ್ಟರರಿಗೆ ಫೋನ್ ಹಚ್ಚಿದರು. ಇಬ್ಬರೂ ಮಾತಾಡಿ ನಿರ್ಧರಿಸಿದರು: ಮೂಡಲಗಿಯ ಗುಳಿಗೆಯನ್ನು ಒಮ್ಮೆಲೇ ಬಿಡುವಂತಿಲ್ಲ, ಸ್ವಲ್ಪ ಸ್ವಲ್ಪ ಇಳಿಸಬೇಕು. ಯಾವಾಗ ಎಷ್ಟು ಎಂಬುದನ್ನು ಇನ್ನು ಮುಂದೆ ಗೋಕಾಕದವರೊಬ್ಬರೇ ಹೇಳಬೇಕು.

ಅವ್ವ ಗುಳಿಗೆಯನ್ನು ಅಡಕತ್ತರಿಯಿಂದ ಕತ್ತರಿಸಿದಳು. ಮೊದಲು ಅರ್ಧ, ವಾರಗಳ ಮೇಲೆ ಕಾಲು. ಅಡಿಕೆ ಕತ್ತರಿಸುವಾಗ ಕಟ್ ಎನ್ನುವ ಆ ಸದ್ದು ನಮ್ಮ ಮನೆಯಲ್ಲಿ ದಿನವೂ ಕೇಳುವಂಥದ್ದೇ. ಆ ದಿನಗಳಲ್ಲಿ ಅದನ್ನು ಕೇಳಿದರೆ ಮೂವರೂ ಉಸಿರು ಹಿಡಿಯುತ್ತಿದ್ದೆವು. ಪ್ರತಿ ಸಲ ಇಳಿಸಿದಾಗಲೂ ಒಂದೆರಡು ದಿನ ಜಗತ್ತು ನನ್ನ ಮೇಲೆ ಏರಿ ಬರುತ್ತಿತ್ತು. ಪಾತ್ರೆ ಬಿದ್ದರೆ ಹಲ್ಲಿನಲ್ಲಿ ಕೇಳಿಸುತ್ತಿತ್ತು. ಬೆಳಕು ಚುಚ್ಚುತ್ತಿತ್ತು. ಒಂದು ಮುಂಜಾನೆ ಕೈ ಜಗ್ಗಿ ಚಹಾ ಕಪ್ಪು ಹಾರಿತು. ಅಪ್ಪ ಕುರಿ ಬಿಟ್ಟು ಅಂಗಳದಿಂದ ಓಡಿ ಬಂದ. ಅವ್ವ ನನ್ನ ತಲೆಯ ಕೆಳಗೆ ಇಡಲು ಹಾಸಿಗೆ ಸುತ್ತಿ ಎತ್ತಿಕೊಂಡಳು. ಮೂವರೂ ಗೋಡೆಗೆ ಒರಗಿ, ಬರಬೇಕಾದದ್ದಕ್ಕೆ ಕಾದೆವು. ಬರಲಿಲ್ಲ. ಮತ್ತಷ್ಟು ಕಾದೆವು. ಹೊರಗೆ ಒಂದು ಟಗರು ಒದರಿತು. ನನಗೇ ಗೊತ್ತಿಲ್ಲದೆ ನಾನು ಒಳಗಿನಿಂದ ಅದಕ್ಕೆ ತಿರುಗಿ ಒದರಿದೆ. ತಡವಾಗದೆ, ಸರಿಯಾದ ಹೊತ್ತಿಗೆ.

ಅಪ್ಪ ಅವ್ವನ ಮುಖ ನೋಡಿದ. ಅವ್ವ ಸುತ್ತಿದ ಹಾಸಿಗೆಯನ್ನು ನನ್ನ ಬೆನ್ನಿಗೆ ಬಾರಿಸಿದಳು. ಅಷ್ಟು ಹಿತವಾದ ಪೆಟ್ಟನ್ನು ನಾನು ತಿಂದಿಲ್ಲ.

ಗೋಕಾಕದ ಗುಳಿಗೆ ಇನ್ನೂ ಇದೆ. ಅದು ಇರುತ್ತದೆ. ಈಗ ಪ್ರತಿ ಸಲ ಹೋದಾಗಲೂ ಡಾಕ್ಟರರು ಪರೀಕ್ಷೆ ಮುಗಿದ ಮೇಲೆ “ನನ್ನದನ್ನ ಮಾಡು” ಎನ್ನುತ್ತಾರೆ. ಗುಳಿಗೆ ಹೆಚ್ಚಾದಾಗ ನನ್ನ ಮಿಮಿಕ್ರಿ ತಡವಾಗುತ್ತಿತ್ತು ಎಂದು ಕಾಕಾ ಹೇಳಿದ್ದನ್ನು ನಾನು ಅವರಿಗೆ ಹೇಳಿದ್ದೇ ಇದಕ್ಕೆ ಕಾರಣ. ಅವರ ದನಿ ತೆಗೆದು ಅವರಿಗೇ ಬುದ್ಧಿ ಹೇಳುತ್ತೇನೆ. ಅವರು ಎಲ್ಲಿ ತಡವಾಗುತ್ತದೆ ಎಂದು ಕಣ್ಣು ಮುಚ್ಚಿ ಕೇಳುತ್ತಾರೆ. ಒಂದು ಸಲ ಮಾತ್ರ ಕಣ್ಣು ತೆರೆದು, “ನಾನು ಅಷ್ಟು ಮೂಗಿನಲ್ಲಿ ಮಾತಾಡುತ್ತೇನಾ?” ಎಂದರು. ಹೊರಗೆ ಬೆಂಚಿನ ಮೇಲೆ ಹೊಸಬರು ಯಾರಾದರೂ ಮುಖ ಬಾಡಿಸಿ ಕೂತಿದ್ದರೆ ನಾನು ಬಾಜೂ ಕೂತು ಕೇಳುವುದು ಒಂದೇ: “ಮತ್ತ ಯಾರ ಕಡೆ ತೋರಿಸಿರಿ? ಒಳಗ ಹೇಳಿರಿಲ್ಲೊ?” ಬಹಳಷ್ಟು ಜನ ಕೈಚೀಲವನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಆಗ ನನಗೆ ನಮ್ಮವ್ವನ ಸಂಚಿ ನೆನಪಾಗುತ್ತದೆ.

ಘೋಡಗೇರಿಯವರ ಕಡೆಯಿಂದ ನಾವು ಏನನ್ನೂ ನಿರೀಕ್ಷಿಸಿರಲಿಲ್ಲ. ಒಂದು ದಿನ ಸುನಂದಾಳ ಫೋನ್ ಬಂತು. “ಅವತ್ತ ನೋಡಾಕ ಬಂದಾಂವ ಅರ್ಧಾ ಹುಡುಗ. ಪೂರ್ತಿ ಹುಡುಗನ್ನ ಯಾವಾಗ ಕಳಸ್ತೀರಿ?” ಎಂದು ಅವ್ವನನ್ನೇ ಕೇಳಿದಳಂತೆ.

ಮತ್ತೆ ಅದೇ ಪಡಸಾಲೆ, ಅದೇ ಕಂಬಳಿ. ಅವಲಕ್ಕಿ ತಾಟು ಮಾತ್ರ ಈ ಸಲ ಸಣ್ಣದು, ಜಾಣರು. ಮಾತಿನ ನಡುವೆ ಅವ್ವ ಸಂಚಿ ಬಿಚ್ಚಿ, ಒಂದೇ ಪಟ್ಟಿಯನ್ನು ಎಲ್ಲರ ಕಣ್ಣೆದುರು ಹೊರಗೆ ತೆಗೆದಳು. “ಗುಳಿಗಿ ಹೊತ್ತಾತು,” ಎಂದಳು ಗಟ್ಟಿಯಾಗಿ. ಸುನಂದಾ ನೀರು ತಂದಳು. ಅಜ್ಜಿ ತನ್ನ ಬಿ.ಪಿ. ಗುಳಿಗೆಯನ್ನೂ ಆಗಲೇ ನುಂಗಿ, “ಉಪ್ಪ ಕಡಿಮಿ ಮಾಡಂತಾರಪಾ, ಉಪ್ಪ ಬಿಟ್ಟ ಮ್ಯಾಲೆ ಬದುಕಿನ್ಯಾಗ ಏನೈತಿ?” ಎಂದು ಗೊಣಗಿದಳು. ಸುಮ್ಮನಿರಲು ನಾನು ಬಹಳ ಪ್ರಯತ್ನ ಮಾಡಿದೆ. ಆದರೆ ಅದೇ ಹಲ್ಲಿಲ್ಲದ ದನಿಯಲ್ಲಿ, ಅದೇ ನಿಟ್ಟುಸಿರಿನ ಜೊತೆ, “ಅವಲಕ್ಯಾಗರ ಉಪ್ಪ ಎಲ್ಲೈತಿ?” ಎಂಬುದು ಬಾಯಿಂದ ಹೊರಬಿದ್ದಿತ್ತು.

ಒಳಗಿನ ಬಾಗಿಲಲ್ಲಿ ಸುನಂದಾ ಸೆರಗು ಬಾಯಿಗೆ ತುರುಕಿಕೊಂಡಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅವ್ವನ ಕಡೆ ತಿರುಗಿದಳು.

“ಹೋದ ಸಲ ಬಂದಿದ್ನಲ್ಲ, ಆ ಹುಡುಗ ಚಲೋ ಇದ್ದ. ಅಂವನ್ನ ಯಾಕ ಕರಕೊಂಡ ಬರಲಿಲ್ಲ?”

ಅವ್ವ ಪಟ್ಟಿಯನ್ನು ಮಡಚಿ ಸಂಚಿಯ ಮೇಲಿನ ಪದರಿನಲ್ಲಿಟ್ಟಳು. ದಾರ ಎಳೆದು ಕಟ್ಟಿದಳು.

“ಅಂವ ಇನ್ನ ಬರಾಂಗಿಲ್ರಿ ಯವ್ವಾ,” ಎಂದಳು. “ಇಂವನ ನಮ್ಮಾಂವ.”